ಏಳು ತಿಂಗಳಿಗೇ ಕುಂತ ಎರಡು ಬ್ಯಾಟರಿ: ಒಂದು ಮರಗೆಲಸದ ತಂಡದ ಪ್ರಕರಣ

ದಾವಣಗೆರೆ ಸೀಮೆಯಲ್ಲಿ ನನ್ನದೊಂದು ಪವರ್ ಟೂಲ್ ರಿಪೇರಿ ಅಂಗಡಿ ಇದೆ. ಮೊದಲೆಲ್ಲ ಆರ್ಮೇಚರ್ ಕಟ್ಟೋದು, ಕಾರ್ಬನ್ ಬ್ರಷ್ ಬದಲಿಸೋದು, ಬೇರಿಂಗ್ ಹಾಕೋದು, ಇಷ್ಟೇ ಕೆಲಸ. ಈಗ ದಿನಕ್ಕೊಬ್ಬರಾದರೂ ಬ್ಯಾಟರಿ ಹಿಡಿದುಕೊಂಡು ಬರುತ್ತಾರೆ. ಚಾರ್ಜ್ ನಿಲ್ತಿಲ್ಲ, ಕೆಂಪು ಲೈಟ್ ಮಿಣುಕುತ್ತೆ, ಮಷಿನ್ ಒಂದು ಸುತ್ತು ತಿರುಗಿ ನಿಂತುಹೋಗುತ್ತೆ ಅಂತ. ಅವರಲ್ಲಿ ಒಂದು ತಂಡದ ಕಥೆಯನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಮೊದಲ ಸಲ ನಾನು ಹೇಳಿದ್ದು ತಪ್ಪಾಗಿತ್ತು, ಆ ತಪ್ಪಿನಿಂದ ಅವರಿಗೆ ದುಡ್ಡು ಹೋಯಿತು. ಮೇಸ್ತ್ರಿಯನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಊರು, ಕಂಪನಿ ಯಾವುದೂ ಹಾಕಿಲ್ಲ.

ತಂಡದಲ್ಲಿ ನಾಲ್ಕು ಜನ. ಮೇಸ್ತ್ರಿಗೆ ಐವತ್ತರ ಆಸುಪಾಸು. ಅವರಿಗಿಂತ ಹಿರಿಯರಾದ ಒಬ್ಬ ಕೆಲಸಗಾರರು, ಮತ್ತೆ ಇಬ್ಬರು ಹುಡುಗರು. ವಾರ್ಡ್‌ರೋಬ್, ಕಿಚನ್ ಶಟರ್, ಟಿವಿ ಯೂನಿಟ್ ಮಾಡುತ್ತಾರೆ. ಜಾಸ್ತಿ ಕೆಲಸ ಇನ್ನೂ ಗೃಹಪ್ರವೇಶ ಆಗದ ಮನೆಗಳಲ್ಲಿ. ಅಲ್ಲಿ ಮೀಟರ್ ಬಂದಿರೋದಿಲ್ಲ, ಕೆಳಗೆಲ್ಲೋ ಒಂದು ಟೆಂಪರರಿ ಬೋರ್ಡ್ ಇರುತ್ತೆ, ಅದೇ ಬೋರ್ಡಿಗೆ ಟೈಲ್ಸ್‌ನವರು, ಪೇಂಟರ್, ಪ್ಲಂಬರ್ ಎಲ್ಲರೂ ಜೋತುಬಿದ್ದಿರುತ್ತಾರೆ, ಯಾರೋ ಒಬ್ಬರು ಕಟರ್ ಹಾಕಿದರೆ ಟ್ರಿಪ್ ಆಗಿ ಎಲ್ಲರ ಕೆಲಸವೂ ನಿಲ್ಲುತ್ತೆ. ಎರಡನೇ ಮಹಡಿಗೆ ವೈರ್ ಎಳೆದು, ಸಂಜೆ ಮತ್ತೆ ಸುತ್ತಿ ಇಳಿಸುವಷ್ಟರಲ್ಲಿ ಒಂದು ಗಂಟೆ ಹೋಗುತ್ತಿತ್ತು. ಅದಕ್ಕೇ ಬ್ಯಾಟರಿ ಮಷಿನ್ ಕಡೆ ಮನಸ್ಸು ಮಾಡಿದರು. ಕಾರಣ ಸರಿಯಾಗಿಯೇ ಇತ್ತು.

ಮೊದಲು ತಂದದ್ದು ಆನ್‌ಲೈನ್‌ನಲ್ಲಿ ಸಿಕ್ಕ ಅಗ್ಗದ ಡ್ರಿಲ್ ಕಿಟ್. ಬ್ಯಾಟರಿ ಮೇಲೆ ದಪ್ಪಕ್ಷರದಲ್ಲಿ 88 ವಿ ಅಂತ ಬರೆದಿತ್ತು. ನಾಲ್ಕು ತಿಂಗಳಲ್ಲಿ ಅದು ಮಲಗಿತು. ಬಿಚ್ಚಿ ನೋಡಿದರೆ ಒಳಗೆ ಐದೇ ಐದು ಸೆಲ್. ಲೀಥಿಯಂ ಅಯಾನ್ ಸೆಲ್ ಒಂದಕ್ಕೆ ಸಾಧಾರಣವಾಗಿ 3.6 ವೋಲ್ಟ್ ಲೆಕ್ಕ, ಪೂರ್ತಿ ಚಾರ್ಜ್ ಆದಾಗ 4.2. ಐದನ್ನು ಸಾಲಾಗಿ ಜೋಡಿಸಿದರೆ 18 ವೋಲ್ಟ್, ತುಂಬಿದಾಗ 21. ಐದು ಸೆಲ್‌ನಲ್ಲಿ 88 ವೋಲ್ಟ್ ಬರೋದಕ್ಕೆ ದಾರಿಯೇ ಇಲ್ಲ. ಅಂಗಡಿಗಳಲ್ಲಿ 18 ವಿ ಅಂತಲೂ 20 ವಿ ಮ್ಯಾಕ್ಸ್ ಅಂತಲೂ ಬೇರೆ ಬೇರೆ ಕಾಣುತ್ತೆ ಅಲ್ವಾ, ಅವೂ ಎರಡೂ ಒಂದೇ: ಒಬ್ಬರು ಸಾಧಾರಣ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ತುಂಬಿದಾಗಿನ ಲೆಕ್ಕ ಹೇಳುತ್ತಾರೆ. ಅದರಲ್ಲಿ ಮೋಸ ಇಲ್ಲ. 48, 88, 128 ಅಂತ ಐದು ಸೆಲ್‌ನ ಡಬ್ಬಿ ಮೇಲೆ ಬರೆಯೋದು ಮಾತ್ರ ಶುದ್ಧ ಸುಳ್ಳು.

ಇದಾದ ಮೇಲೆ ಮೇಸ್ತ್ರಿ ಗಟ್ಟಿ ಮನಸ್ಸು ಮಾಡಿ, 2023ರ ದಸರಾಕ್ಕೆ ಮುಂಚೆ ಒಳ್ಳೆ ಕಂಪನಿಯದ್ದೇ 18 ವೋಲ್ಟಿನ ಸೆಟ್ ತಗೊಂಡರು. ಒಂದು ಡ್ರಿಲ್, ಒಂದು ಇಂಪ್ಯಾಕ್ಟ್ ಡ್ರೈವರ್, ಒಂದು 4 ಇಂಚಿನ ಗ್ರೈಂಡರ್, ಒಂದು ಸರ್ಕ್ಯುಲರ್ ಗರಗಸ. ನಾಲ್ಕಕ್ಕೂ ಒಂದೇ ಬ್ಯಾಟರಿ ಕೂರುತ್ತೆ. ಆಯ್ಕೆಯಲ್ಲಿ ಅವರು ಮಾಡಿದ ಬಹಳ ಒಳ್ಳೆ ಕೆಲಸ ಇದು. ಬ್ಯಾಟರಿ ಮಷಿನ್‌ನಲ್ಲಿ ನಿಜವಾದ ಖರ್ಚು ಬ್ಯಾಟರಿಯದ್ದೇ. ಒಂದು ಕಂಪನಿಯ ಬ್ಯಾಟರಿ ಸಾಮಾನ್ಯವಾಗಿ ಇನ್ನೊಂದಕ್ಕೆ ಕೂರೋದಿಲ್ಲ, ಹಾಗಾಗಿ ಮೊದಲ ಮಷಿನ್ ತಗೊಳ್ಳುವಾಗಲೇ ಮುಂದಿನ ಐದು ವರ್ಷದ ಮಷಿನ್‌ಗಳನ್ನೂ ಆರಿಸಿಕೊಂಡ ಹಾಗೆ. ಆಮೇಲೆ ಬ್ಯಾಟರಿ ಇಲ್ಲದ ಬರೀ ಮಷಿನ್ ತಗೊಂಡರೆ ಸಾಕು. ನಾಲ್ಕು ಬ್ಯಾಟರಿ ಬಂದವು. ಎಲ್ಲವೂ, ಎಷ್ಟು ಚಾರ್ಜ್ ಹಿಡಿಯುತ್ತೆ ಅನ್ನೋ ಅಳತೆಯಲ್ಲಿ, 2 ಆಂಪಿಯರ್ ಅವರ್‌ನವು, ಕಿಟ್ ಜೊತೆ ಬರುವ ಚಿಕ್ಕವು. ಇಲ್ಲಿ ಎಡವಿದ್ದರು. ಆಗ ಅದು ಅವರಿಗೂ ಗೊತ್ತಾಗಲಿಲ್ಲ, ನನಗೂ ಗೊತ್ತಾಗಲಿಲ್ಲ.

ನಾಲ್ಕು ಬ್ಯಾಟರಿ, ಎರಡು ಹಣೆಬರಹ

2024ರ ಏಪ್ರಿಲ್‌ನಲ್ಲಿ ಮೇಸ್ತ್ರಿ ನಾಲ್ಕೂ ಬ್ಯಾಟರಿಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದರು. "ಅಣ್ಣಾ, ಕಂಪ್ನಿ ಬ್ಯಾಟ್ರಿನೂ ಕುಂತೋಯ್ತಲ್ಲ, ಇನ್ನೇನ್ ಮಾಡಾದು?" ಅಂದರು. ಮುಖ ಬಾಡಿತ್ತು. ಸಾಲ ಮಾಡಿ ತಗೊಂಡಿದ್ದ ಸೆಟ್ ಅದು.

ಬಿಳಿ ಪೇಂಟಿನಲ್ಲಿ 1ರಿಂದ 4ರವರೆಗೆ ನಂಬರ್ ಬರೆದೆ. ಪೂರ್ತಿ ಚಾರ್ಜ್ ಮಾಡಿ, ಲೋಡ್ ಹಾಕಿ ಖಾಲಿ ಮಾಡಿ ಅಳೆದೆ. 1ನೇ ಬ್ಯಾಟರಿ 1.9 ಆಂಪಿಯರ್ ಅವರ್ ಕೊಟ್ಟಿತು, ಹೆಚ್ಚುಕಡಿಮೆ ಹೊಸದರ ಹಾಗೇ. 3ನೆಯದು 1.8. ಆದರೆ 2ನೆಯದು 1.2ಕ್ಕೆ ಸುಸ್ತಾಯಿತು. 4ನೆಯದನ್ನು ಚಾರ್ಜರ್ ಮುಟ್ಟಲೇ ಇಲ್ಲ. ಒಂದೇ ದಿನ ಒಂದೇ ಅಂಗಡಿಯಲ್ಲಿ ತಗೊಂಡ, ಒಂದೇ ಚಾರ್ಜರಿನಲ್ಲಿ ಚಾರ್ಜ್ ಆದ ನಾಲ್ಕು. ಎರಡು ಗಟ್ಟಿ, ಎರಡು ಸತ್ತವು. ಯಾಕೆ?

ಆ ಪ್ರಶ್ನೆಯನ್ನು ನಾನು ಆವತ್ತೇ ಹಿಡಿದು ಕೂರಬೇಕಿತ್ತು. ಅಂಗಡಿ ತುಂಬಿತ್ತು, ಅವಸರದಲ್ಲಿದ್ದೆ. ಆ ಎರಡರೊಳಗಿನ ಸೆಲ್ ಕೆಟ್ಟ ಲಾಟ್ ಇರಬೇಕು ಅಂದುಬಿಟ್ಟೆ. ಬೇರೆ ಬ್ಯಾಟರಿ ನೋಡ್ಕೊಳ್ಳಿ ಅಂತಲೂ ಹೇಳಿದೆ. ಯಾವುದನ್ನು ನೋಡಿಕೊಳ್ಳಬೇಕು ಅಂತ ಬಿಡಿಸಿ ಹೇಳಲಿಲ್ಲ.

ಅವರು ಮೂರು ದಾರಿ ಹಿಡಿದರು. ಮೂರೂ ಕೈಕೊಟ್ಟವು.

ಒಂದು, ಪೂರ್ತಿ ಖಾಲಿ ಮಾಡಿ ಆಮೇಲೆ ಚಾರ್ಜ್ ಮಾಡೋದು. ಇದು ಮೇಸ್ತ್ರಿ ಚಿಕ್ಕ ವಯಸ್ಸಿನಲ್ಲಿ ಕಲಿತ ನಿಯಮ. ಆಗಿನ ಡ್ರಿಲ್‌ಗಳಲ್ಲಿ ಇದ್ದದ್ದು ನಿಕಲ್ ಕ್ಯಾಡ್ಮಿಯಂ ಬ್ಯಾಟರಿ. ಬ್ಲ್ಯಾಕ್ ಅಂಡ್ ಡೆಕರ್ 1961ರಲ್ಲಿ ತಂದ ಮೊದಲ ಬ್ಯಾಟರಿ ಡ್ರಿಲ್ಲಿನಿಂದ ಹಿಡಿದು ಎಷ್ಟೋ ವರ್ಷ ಅದರದ್ದೇ ರಾಜ್ಯ. ಅದನ್ನು ಅರ್ಧದಲ್ಲೇ ಮತ್ತೆ ಮತ್ತೆ ಚಾರ್ಜ್ ಮಾಡಿದರೆ ಅರ್ಧಕ್ಕೇ ಒಗ್ಗಿಕೊಳ್ಳುತ್ತೆ ಅನ್ನೋ ನಂಬಿಕೆ ಇತ್ತು, ಹಾಗಾಗಿ ಖಾಲಿ ಮಾಡಿ ಅನ್ನುತ್ತಿದ್ದರು. ಲೀಥಿಯಂ ಬ್ಯಾಟರಿ ದೊಡ್ಡ ಮಷಿನ್‌ಗಳಿಗೆ ಬಂದದ್ದು ಆಮೇಲೆ, 2005ರಲ್ಲಿ ಮಿಲ್ವಾಕಿಯವರು 28 ವೋಲ್ಟಿನದ್ದು ತಂದ ಮೇಲೆ. ಇದರ ಸ್ವಭಾವ ತದ್ವಿರುದ್ಧ. ಅರ್ಧದಲ್ಲಿ ಚಾರ್ಜಿಗೆ ಹಾಕಿದರೆ ಅದಕ್ಕೆ ಹಿತ, ತಳ ಮುಟ್ಟಿಸಿದರೆ ನೋವು. ಹುಡುಗರು ಏನು ಮಾಡುತ್ತಿದ್ದರು ಅಂದರೆ, ಮಷಿನ್ ತಾನಾಗಿ ನಿಂತ ಮೇಲೂ ಎರಡು ನಿಮಿಷ ಬಿಟ್ಟು ಮತ್ತೆ ಟ್ರಿಗರ್ ಒತ್ತುತ್ತಿದ್ದರು, ಉಳಿದ ಜೀವವನ್ನೂ ಹಿಂಡಬೇಕು ಅಂತ. ಅದೇ ಸ್ಥಿತಿಯಲ್ಲಿ ಚೀಲಕ್ಕೆ ಹಾಕಿ ಹಬ್ಬಕ್ಕೆ ಊರಿಗೆ ಹೋಗುತ್ತಿದ್ದರು. ಆಯುಧಪೂಜೆಗೆ ಮಷಿನ್‌ಗಳ ಜೊತೆ ಖಾಲಿ ಬ್ಯಾಟರಿಗಳೂ ಹದಿನೈದು ದಿನ ಹಾಗೇ ಕೂತಿದ್ದವು, ಟರ್ಮಿನಲ್ ಮೇಲೆಲ್ಲ ಕಲಸಿದ ಕುಂಕುಮ ಮೆತ್ತಿಕೊಂಡು. ಪೂಜೆ ಮಾಡಿ, ಖಂಡಿತ ಮಾಡಿ. ನಾನೂ ಮಾಡುತ್ತೇನೆ. ಕುಂಕುಮ ಮಷಿನ್ ಮೈಮೇಲೆ ಹಚ್ಚಿ, ಬ್ಯಾಟರಿಯ ಬಾಯಿಗೆ ಬೇಡ.

ಎರಡನೆಯದು, ಅರ್ಧ ಬೆಲೆಯ ಡುಪ್ಲಿಕೇಟ್ ಬ್ಯಾಟರಿ. ಮೈಮೇಲೆ 6 ಆಂಪಿಯರ್ ಅವರ್ ಅಂತ ಇತ್ತು. ಅದಕ್ಕೆ 5 ಅಂತ ನಂಬರ್ ಕೊಟ್ಟು ಅಳೆದರೆ 2.8 ಬಂತು. ಕೈಯಲ್ಲಿ ಹಿಡಿದಾಗಲೇ ಹಗುರ ಅನ್ನಿಸುತ್ತಿತ್ತು. ಒಳ್ಳೆ 18650 ಸೆಲ್, ಅಂದರೆ 18 ಮಿಲಿಮೀಟರ್ ದಪ್ಪ, 65 ಉದ್ದದ್ದು, ಒಂದೊಂದೂ 45 ಗ್ರಾಂ ಆಸುಪಾಸು ತೂಗುತ್ತೆ. ಹತ್ತು ಸೆಲ್ ಇದೆ ಅನ್ನೋ ಪ್ಯಾಕ್ ಅಷ್ಟು ಹಗುರ ಇದ್ದರೆ ಏನೋ ಸರಿ ಇಲ್ಲ ಅಂತಲೇ ಅರ್ಥ. ಒಂದು ತಕ್ಕಡಿ ಸಾಕು, ಮೀಟರೂ ಬೇಡ. ಗ್ರೈಂಡರಿಗೆ ಹಾಕಿದ ಮೂರನೇ ವಾರಕ್ಕೆ ಟರ್ಮಿನಲ್ ಪಕ್ಕದ ಪ್ಲಾಸ್ಟಿಕ್ ಕರಗಿತು. ಬಿಚ್ಚಿದಾಗ ನಾಲ್ಕು ಜೋಡಿ ಸೆಲ್ 3.4 ವೋಲ್ಟಿನಲ್ಲಿದ್ದವು, ಒಂದು ಜೋಡಿ 1.9ಕ್ಕೆ ಇಳಿದಿತ್ತು. ಒಟ್ಟು ವೋಲ್ಟೇಜ್ ಮಾತ್ರ ನೋಡಿ ಒಂದೊಂದು ಜೋಡಿಯನ್ನು ನೋಡಿಕೊಳ್ಳದ ಸರ್ಕ್ಯೂಟ್ ಇದ್ದರೆ ಹೀಗೇ ಆಗೋದು. ದುರ್ಬಲವಾದದ್ದು ಸಾಯುತ್ತಾ ಹೋಗುತ್ತೆ, ಉಳಿದವು ಅದನ್ನು ಎಳೆದುಕೊಂಡು ಓಡುತ್ತವೆ.

ಮೂರನೆಯದನ್ನು ನೆನೆದರೆ ಈಗಲೂ ನನಗೆ ಎದೆ ಧಸಕ್ಕೆನ್ನುತ್ತೆ. ಚಾರ್ಜರ್ ಮುಟ್ಟದ 4ನೇ ಬ್ಯಾಟರಿಯನ್ನು ಹುಡುಗ ಒಬ್ಬ ಬಜಾರಿಗೆ ಹಿಡಿದುಕೊಂಡು ಹೋದ. ಅಲ್ಲಿ ಯಾರೋ ಬೇರೆ ಬ್ಯಾಟರಿಯಿಂದ ಎರಡು ವೈರ್ ಕೊಟ್ಟು ಒಂದೆರಡು ನಿಮಿಷ ಕರೆಂಟ್ ತಳ್ಳಿ "ಎಬ್ಬಿಸಿ" ಕೊಟ್ಟರು. ಆಮೇಲೆ ಚಾರ್ಜರ್ ಒಪ್ಪಿಕೊಂಡಿತು. ಎಲ್ಲರಿಗೂ ಖುಷಿ. ಆದರೆ ಚಾರ್ಜರ್ ಸುಮ್ನೆ ಹಟ ಮಾಡುತ್ತಿರಲಿಲ್ಲ. ಲೀಥಿಯಂ ಸೆಲ್ 2 ವೋಲ್ಟಿಗಿಂತ ಕೆಳಗೆ ತುಂಬಾ ದಿನ ಇದ್ದರೆ ಒಳಗಿನ ತಾಮ್ರದ ಹಾಳೆಯೇ ಕರಗುತ್ತಾ ಹೋಗುತ್ತೆ, ಮತ್ತೆ ಚಾರ್ಜ್ ಕೊಟ್ಟಾಗ ಆ ತಾಮ್ರ ಬೇಡದ ಜಾಗದಲ್ಲಿ ಕೂತು ಸೆಲ್ ಒಳಗೇ ಶಾರ್ಟ್ ಆಗಬಹುದು. ಅದನ್ನು ತಡೆಯೋದಕ್ಕೇ ಚಾರ್ಜರ್ ಬೇಡ ಅಂತ ಕೂತಿತ್ತು. ಎರಡನೇ ದಿನ ಸೈಟಿನಲ್ಲಿ ಚಾರ್ಜಿಗಿಟ್ಟಾಗ ಪ್ಲೈವುಡ್ ಚೂರುಗಳ ರಾಶಿ ಪಕ್ಕದಲ್ಲೇ ಇತ್ತು. ಸುಟ್ಟ ವಾಸನೆ ಬಂತು ಅಂತ ಹಿರಿಯ ಕೆಲಸಗಾರರು ಗಮನಿಸಿ, ಪ್ಲಗ್ ಕಿತ್ತು, ಗೋಣಿಚೀಲದಲ್ಲಿ ಹಿಡಿದು ಹೊರಗಿನ ಮರಳಿನ ಗುಡ್ಡೆ ಮೇಲೆ ಹಾಕಿದರು. ಒಂದು ಗಂಟೆ ಬಿಸಿ ಇತ್ತಂತೆ. ಯಾರಿಗೂ ಏನೂ ಆಗಲಿಲ್ಲ. ಅವರು ಊಟಕ್ಕೆ ಹೋಗಿದ್ದಿದ್ದರೆ?

ಆವತ್ತು ಸಂಜೆ ಮೇಸ್ತ್ರಿ ಫೋನ್ ಮಾಡಿದಾಗ ನನಗೆ ನನ್ನ ಮೇಲೇ ಸಿಟ್ಟು ಬಂತು. ಅದೇ ಬ್ಯಾಟರಿ ನನ್ನ ಟೇಬಲ್ ಮೇಲಿತ್ತು. ಇದನ್ನು ಯಾರ ಕೈಗೂ ಕೊಡಬೇಡಿ, ಇದರ ಕೆಲಸ ಮುಗೀತು ಅಂತ ಹೇಳಿ ನನ್ನ ಹತ್ತಿರವೇ ಇಟ್ಟುಕೊಳ್ಳಬೇಕಿತ್ತು.

ನೋಟ್‌ಬುಕ್

ಮರುದಿನ ಅವರ ಸೈಟಿಗೇ ಹೋದೆ. ಅಂಗಡಿಯಲ್ಲಿ ಕೂತು ಈ ಗಂಟು ಬಿಚ್ಚೋದಿಲ್ಲ ಅಂತ ಗೊತ್ತಾಗಿತ್ತು. ಹತ್ತು ರೂಪಾಯಿಯ ಒಂದು ನೋಟ್‌ಬುಕ್ ಕೊಟ್ಟು ಹುಡುಗರಿಗೆ ಹೇಳಿದೆ: ಎರಡು ವಾರ ಬರೀರಿ. ಯಾವ ನಂಬರ್ ಬ್ಯಾಟರಿ, ಯಾವ ಮಷಿನ್‌ಗೆ, ಎಷ್ಟೊತ್ತಿಗೆ ಹಾಕಿದ್ರಿ, ಎಷ್ಟೊತ್ತಿಗೆ ನಿಂತಿತು, ಎಲ್ಲಿ ಚಾರ್ಜಿಗಿಟ್ರಿ. 4ನೆಯದರ ಜಾಗಕ್ಕೆ ನನ್ನ ಅಂಗಡಿಯದ್ದೊಂದು ಬ್ಯಾಟರಿ ಕೊಟ್ಟೆ. ಮೇಸ್ತ್ರಿಗೆ ಇದು ಶಾಲೆ ಮಕ್ಕಳ ಕೆಲಸ ಅನ್ನಿಸಿತು, ಆದರೂ ಬೇಡ ಅನ್ನಲಿಲ್ಲ. ಹುಡುಗರಲ್ಲಿ ಚಿಕ್ಕವನು ಬಹಳ ಶ್ರದ್ಧೆಯಿಂದ ಬರೆದ. ಆ ಹುಡುಗ ಬರೆಯದೇ ಇದ್ದಿದ್ದರೆ ನನಗೆ ಈ ಪ್ರಕರಣ ಅರ್ಥವೇ ಆಗುತ್ತಿರಲಿಲ್ಲ.

ಎರಡು ವಾರ ಆದ ಮೇಲೆ ಪುಟ ತಿರುವಿದರೆ ಉತ್ತರ ಎದ್ದು ಕಾಣುತ್ತಿತ್ತು. 1ನೇ ಬ್ಯಾಟರಿ ಹಿರಿಯರ ಡ್ರಿಲ್ಲಿನಲ್ಲೇ ಇರುತ್ತಿತ್ತು. 3ನೆಯದು ಮೇಸ್ತ್ರಿಯ ಇಂಪ್ಯಾಕ್ಟ್ ಡ್ರೈವರಿನಲ್ಲಿ. ಅವರವರ ಮಷಿನ್‌ಗೆ ಅವರವರ ಬ್ಯಾಟರಿ, ಯಾರೂ ಮುಟ್ಟುತ್ತಿರಲಿಲ್ಲ. ಹಿಂಜ್ ಕೂರಿಸೋದು, ಡ್ರಾಯರ್ ಚಾನೆಲ್ ಹಾಕೋದು, ಸ್ಕ್ರೂ ಬಿಗಿಯೋದು. ಬೆಳಗ್ಗೆ ಹಾಕಿದ್ದು ಸಂಜೆಯವರೆಗೂ ಬರುತ್ತಿತ್ತು. 2 ಮತ್ತು 4 ಎಲ್ಲರ ಬ್ಯಾಟರಿ, ಅಂದರೆ ಯಾರದ್ದೂ ಅಲ್ಲದ ಬ್ಯಾಟರಿ. ಗ್ರೈಂಡರಿಗೂ ಗರಗಸಕ್ಕೂ ಅವೇ ಸರದಿ ಮೇಲೆ ಓಡುತ್ತಿದ್ದವು.

ಲೆಕ್ಕ ಹಾಕಿ ನೋಡಿ. 18 ವೋಲ್ಟ್, 2 ಆಂಪಿಯರ್ ಅವರ್ ಅಂದರೆ 36 ವಾಟ್ ಅವರ್. ಗ್ರೈಂಡರಿನಲ್ಲಿ ಅಲ್ಯೂಮಿನಿಯಂ ಪ್ರೊಫೈಲನ್ನೋ ಕಬ್ಬಿಣದ ಪೈಪನ್ನೋ ಜೋರಾಗಿ ಒತ್ತಿ ಕೊಯ್ಯುವಾಗ 500 ವಾಟ್ ಎಳೆಯುತ್ತೆ ಅಂತಿಟ್ಟುಕೊಳ್ಳಿ. ಆಗ ಆ ಬ್ಯಾಟರಿ ನಾಲ್ಕು ನಿಮಿಷ ಚಿಲ್ಲರೆಗೆ ಖಾಲಿ. ಕರೆಂಟ್ 28 ಆಂಪಿಯರಿನಷ್ಟು. ಚಿಕ್ಕ ಬ್ಯಾಟರಿಯಲ್ಲಿ ಐದು ಸೆಲ್ ಒಂದೇ ಸಾಲು, ಹಾಗಾಗಿ ಪೂರ್ತಿ 28 ಆಂಪಿಯರೂ ಪ್ರತಿ ಸೆಲ್ ಮೂಲಕವೇ ಹಾಯಬೇಕು. ಅದೇ ಹತ್ತು ಸೆಲ್‌ನ ದೊಡ್ಡ ಬ್ಯಾಟರಿ ಆಗಿದ್ದರೆ ಎರಡು ಸಾಲು ಇರುತ್ತೆ, ಹೊರೆ ಅರ್ಧರ್ಧ ಹಂಚಿಹೋಗುತ್ತೆ. ದೊಡ್ಡ ಬ್ಯಾಟರಿ ಜಾಸ್ತಿ ಹೊತ್ತು ಬರುತ್ತೆ ಅನ್ನೋದು ಎಲ್ಲರಿಗೂ ಗೊತ್ತು. ಅದು ಕಡಿಮೆ ಬಿಸಿಯಾಗುತ್ತೆ ಅನ್ನೋದು ಜಾಸ್ತಿ ಮುಖ್ಯ, ಅದನ್ನು ಕೌಂಟರಿನಲ್ಲಿ ಯಾರೂ ಹೇಳೋದಿಲ್ಲ.

ನೋಟ್‌ಬುಕ್ಕಿನ ಕೊನೆಯ ಕಾಲಂ ಇನ್ನೂ ಕೆಟ್ಟದ್ದನ್ನು ಹೇಳಿತು. ಚಾರ್ಜರ್ ಇಡುತ್ತಿದ್ದ ಜಾಗ ಪಡುವಣ ದಿಕ್ಕಿನ ಬಾಲ್ಕನಿ. ಬೋರ್ಡಿನ ವೈರ್ ಅಲ್ಲಿಗೇ ಬರುತ್ತಿತ್ತು. ಮೇ ತಿಂಗಳ ಮಧ್ಯಾಹ್ನ, ಮೈಮೇಲೆ ನೇರ ಬಿಸಿಲು. ಸಾಮಾನ್ಯವಾಗಿ ಕೈಪಿಡಿಗಳಲ್ಲಿ 40 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬೇಡಿ ಅಂತಲೇ ಇರುತ್ತೆ. ಗ್ರೈಂಡರಿನಿಂದ ತೆಗೆದ ಬ್ಯಾಟರಿ ಮುಟ್ಟಿದರೆ ಕೈ ಚುರ್ ಅನ್ನುವಷ್ಟು ಬಿಸಿ, ಅದನ್ನು ಬಿಸಿಲಿನಲ್ಲಿರುವ ಚಾರ್ಜರಿಗೆ ತಕ್ಷಣ ಸಿಕ್ಕಿಸುತ್ತಿದ್ದರು. ಬ್ಯಾಟರಿ ತಣ್ಣಗಾಗಲಿ ಅಂತ ಚಾರ್ಜರ್ ಬೇರೆ ಲೈಟ್ ಹಾಕಿ ಕಾಯುತ್ತಿತ್ತು. ಹುಡುಗರು ಚಾರ್ಜರ್ ಕೆಟ್ಟಿದೆ ಅಂತ ತಿಳಿದು ಕಿತ್ತು ಕಿತ್ತು ಹಾಕುತ್ತಿದ್ದರು. ರಾತ್ರಿ ಎಲ್ಲವೂ ಓಮ್ನಿಯ ಹಿಂದೆ, ಮರುದಿನ ಬೇರೆ ಸೈಟಿಗೆ ಹೋದರೆ ಮಧ್ಯಾಹ್ನದವರೆಗೂ ಮುಚ್ಚಿದ ಗಾಡಿಯಲ್ಲೇ. ಬಿಸಿಲಿಗೆ ನಿಂತ ಗಾಡಿಯೊಳಗೆ ಎಷ್ಟು ಕಾಯುತ್ತೆ ಅಂತ ನಮ್ಮ ಬಯಲುಸೀಮೆಯವರಿಗೆ ಹೇಳಬೇಕಾಗಿಲ್ಲ.

ಕೆಟ್ಟ ಲಾಟ್ ಅಂತ ನಾನು ಹೇಳಿದ್ದೆ. ಅದು ಸುಳ್ಳು. ನಾಲ್ಕೂ ಒಳ್ಳೆ ಬ್ಯಾಟರಿಗಳೇ ಆಗಿದ್ದವು.

ಏನು ಬದಲಾಯಿಸಿದರು

ಗ್ರೈಂಡರ್ ವಿಷಯದಲ್ಲಿ ಜೋರಾಗಿಯೇ ಮಾತಾಯಿತು. ಉದ್ದದ ಕೊಯ್ಯುವ ಕೆಲಸ ಎಲ್ಲ ವೈರಿನ ಮಷಿನ್‌ಗೇ ವಾಪಸ್ ಕೊಡಿ ಅಂದೆ. "ಮತ್ತೆ ವೈರ್ ಎಳೆಯೋದಾದ್ರೆ ಇಷ್ಟು ದುಡ್ಡು ಯಾಕೆ ಹಾಕಿದೆ ಅಣ್ಣಾ" ಅಂದರು. ಅವರ ಮಾತಲ್ಲೂ ನ್ಯಾಯ ಇತ್ತು. ಕೊನೆಗೆ ಇಬ್ಬರೂ ಒಂದು ಕಡೆ ಬಂದೆವು. ಪ್ಲೈವುಡ್ ಶೀಟ್ ಕೊಯ್ಯೋದು, ಕಾಂಕ್ರೀಟಿಗೆ ತೂತು ಹೊಡೆಯೋದು ವೈರಿನ ಮಷಿನ್‌ನಲ್ಲಿ, ಅದೂ ಬೆಳಗ್ಗೆ ಬೇಗ, ಟೈಲ್ಸ್‌ನವರು ಬರುವ ಮುಂಚೆ, ಕೆಳಗೆ ಬೋರ್ಡ್ ಹತ್ತಿರವೇ. ಮೇಲೆ ಫಿಟ್ಟಿಂಗ್ ಮಾಡುವಾಗ ಅಲ್ಲೊಂದು ಇಲ್ಲೊಂದು ತುಂಡು ಮಾಡಬೇಕಾದರೆ ಬ್ಯಾಟರಿ ಗ್ರೈಂಡರ್. ಅದಕ್ಕೆಂದೇ ಒಂದು 5 ಆಂಪಿಯರ್ ಅವರ್‌ನ ಕಂಪನಿ ಬ್ಯಾಟರಿ ತಗೊಂಡರು. ನಂಬರ್ 6. ಗ್ರೈಂಡರಿಗೂ ಗರಗಸಕ್ಕೂ ಅದು ಬಿಟ್ಟು ಬೇರೆ ಹಾಕೋ ಹಾಗಿಲ್ಲ. ಮಷಿನ್ ಮೈಮೇಲೇ 6 ಅಂತ ಬರೆದೆವು, ಮರೆಯದೇ ಇರಲಿ ಅಂತ.

ಮಿಕ್ಕಿದ್ದು ಸಣ್ಣ ಸಣ್ಣ ಅಭ್ಯಾಸ. ಚಾರ್ಜರ್ ಒಳಗಿನ ರೂಮಿನಲ್ಲಿ, ನೆಲದ ಮೇಲೆ, ಪಕ್ಕದಲ್ಲಿ ಪ್ಲೈವುಡ್ ಚೂರು, ಹೊಟ್ಟು, ತಿನ್ನರ್ ಡಬ್ಬಿ ಯಾವುದೂ ಇಲ್ಲದ ಕಡೆ. ಬಿಸಿ ಬ್ಯಾಟರಿಗೆ ಅರ್ಧ ಗಂಟೆ ವಿರಾಮ ಕೊಟ್ಟು ಆಮೇಲೆ ಚಾರ್ಜ್. ಒದ್ದೆ ಬಟ್ಟೆ ಸುತ್ತಿ ತಣಿಸೋದು ಬೇಡವೇ ಬೇಡ. ಬ್ಯಾಟರಿ ಮೇಲೆ ಚಾರ್ಜ್ ತೋರಿಸುವ ಲೈಟು ಒಂದು ಕಡ್ಡಿಗೆ ಇಳಿದರೆ ಬದಲಿಸಿ. ಹಬ್ಬಕ್ಕೆ ಹೋಗುವಾಗ ನಾಲ್ಕು ಕಡ್ಡಿಯಲ್ಲಿ ಎರಡು ಇರಲಿ, ಮಷಿನ್‌ನಿಂದ ಬಿಚ್ಚಿ ಮನೆಯ ತಂಪು ಜಾಗದಲ್ಲಿಡಿ. ಬ್ಯಾಟರಿಯನ್ನು ಸ್ಕ್ರೂ, ಮೊಳೆ ಇರುವ ಚೀಲಕ್ಕೆ ಹಾಕಬೇಡಿ, ಎರಡು ಟರ್ಮಿನಲ್ ಮಧ್ಯೆ ಒಂದು ಸ್ಕ್ರೂ ಸಿಕ್ಕಿಕೊಂಡರೆ ಸಾಕು. ಜೊತೆಗೆ ಬರುವ ಪ್ಲಾಸ್ಟಿಕ್ ಮುಚ್ಚಳವನ್ನು ಎಲ್ಲರೂ ಮೊದಲ ದಿನವೇ ಬಿಸಾಡುತ್ತಾರೆ, ದಯವಿಟ್ಟು ಬಿಸಾಡಬೇಡಿ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಧೂಳು ಟರ್ಮಿನಲ್‌ಗೆ ಹಿಟ್ಟಿನ ಹಾಗೆ ಅಂಟುತ್ತೆ, ಒಣಗಿದ ಹಳೆ ಹಲ್ಲುಜ್ಜುವ ಬ್ರಷ್‌ನಲ್ಲಿ ವಾರಕ್ಕೊಮ್ಮೆ ಉಜ್ಜಿದರೆ ಸಾಕು.

ಒಂದು ವಿಷಯದಲ್ಲಿ ಮೇಸ್ತ್ರಿ ನನ್ನ ಮಾತು ಕೇಳಲಿಲ್ಲ. ಹಿರಿಯರಿಗೆ ಭುಜ ನೋವು. ದಿನವಿಡೀ ತಲೆ ಮೇಲೆ ಕೈ ಎತ್ತಿ ಶಟರ್ ಹಿಂಜ್ ಬಿಗಿಯಬೇಕು, 18 ವೋಲ್ಟಿನ ಡ್ರಿಲ್ ಭಾರ. ಮೂರು ಸೆಲ್‌ನ 12 ವೋಲ್ಟಿನ ಚಿಕ್ಕದೊಂದು ತರಲಾ ಅಂತ ಕೇಳಿದರು. ಬೇಡ, ಇನ್ನೊಂದು ಜಾತಿ ಬ್ಯಾಟರಿ, ಇನ್ನೊಂದು ಚಾರ್ಜರ್, ಎಲ್ಲ ಕಲಸುಮೇಲೋಗರ ಆಗುತ್ತೆ ಅಂದೆ. ಅವರು ತಂದೇಬಿಟ್ಟರು. ಅವರೇ ಸರಿ. ಹಿಂಜಿಗೆ ಅದಕ್ಕಿಂತ ಶಕ್ತಿ ಬೇಕಾಗಿಯೇ ಇಲ್ಲ, ಹಿರಿಯರ ಕೆಲಸ ಹಗುರಾಯಿತು, ಭುಜದ ನೋವೂ ಕಡಿಮೆ ಆಗಿದೆ ಅಂತಾರೆ. ಒಂದೇ ಬ್ಯಾಟರಿ ಕುಟುಂಬ ಅನ್ನೋ ನಿಯಮವನ್ನು ನಾನು ಈಗಲೂ ಹೇಳುತ್ತೇನೆ, ಆದರೆ ಮೊದಲು ಮಷಿನ್ ಹಿಡಿಯುವವರ ಕೈ ನೋಡುತ್ತೇನೆ.

ಈಗ ಹದಿನಾಲ್ಕು ತಿಂಗಳು ಕಳೆದಿದೆ. ಹೋದ ವಾರ ಎಲ್ಲವನ್ನೂ ಮತ್ತೆ ಅಳೆದೆ. 1ನೆಯದು 1.8, 3ನೆಯದು 1.7, ದೊಡ್ಡದು ಅಂದರೆ 6ನೆಯದು 4.6. ಮೊದಲೇ ಪೆಟ್ಟು ತಿಂದಿದ್ದ 2ನೆಯದು 0.9ಕ್ಕೆ ಇಳಿದಿತ್ತು. ಅದನ್ನು ಇನ್ನು ಬಿಡಿ ಅಂದೆ. ಈ ಸಲ ವಾಪಸ್ ಕೊಡಲಿಲ್ಲ.

ಸತ್ತ ಬ್ಯಾಟರಿಗಳದ್ದೇ ನನಗೆ ಇನ್ನೂ ಬಗೆಹರಿಯದ ಚಿಂತೆ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯದನ್ನು ವಾಪಸ್ ಪಡೆದು ಮರುಬಳಕೆಗೆ ಕಳಿಸುವ ಹೊಣೆ ತಯಾರಕರದ್ದು. ಆದರೆ ಕೌಂಟರಿನಲ್ಲಿ ಅದನ್ನು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ. ಗುಜರಿಯವರು ಸುತ್ತಿಗೆಯಲ್ಲಿ ಒಡೆಯುತ್ತಾರೆ, ಹಾಗಾಗಿ ಅವರಿಗೆ ಕೊಡೋದಿಲ್ಲ. ಟರ್ಮಿನಲ್‌ಗೆ ಟೇಪ್ ಸುತ್ತಿ, ಮರಳು ತುಂಬಿದ ತಗಡಿನ ಡಬ್ಬದಲ್ಲಿ ಅಂಗಡಿ ಹಿಂದೆ ಇಡುತ್ತೇನೆ. ಡಬ್ಬ ತುಂಬಿದಾಗ ಬೆಂಗಳೂರಿಗೆ ಹೋಗುವವರ ಗಾಡಿಯಲ್ಲಿ ಮರುಬಳಕೆ ಮಾಡುವವರಿಗೆ ಕಳಿಸೋದು ಅಂತ ಇದೆ. ಈ ತಂಡದ 2, 4, 5 ಮೂರೂ ಸದ್ಯಕ್ಕೆ ಅದರಲ್ಲೇ ಇವೆ.